ಗೇರುಸೊಪ್ಪೆಯ ಹಳೇ ಊರು, ಜೋಗ: ಎರಡನ್ನೂ ಒಂದೇ ದಿನ ನೋಡಬಹುದಾ?

ಕಡಲತಡಿ, ಕಾರವಾರ

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡದೆ ಓದಿ.

ನನ್ನ ಅಪ್ಪ ಜೋಗವನ್ನು ಜೋಗ ಅಂತ ಕರೆದದ್ದೇ ಇಲ್ಲ. ಅವರ ಬಾಯಲ್ಲಿ ಅದು ಕೊನೆತನಕ "ಗೇರುಸೊಪ್ಪೆ ಫಾಲ್ಸ್". ಅವರು ಕಲಿಯುವ ಕಾಲದಲ್ಲಿ ಪುಸ್ತಕದಲ್ಲಿ ಹಾಗೇ ಇತ್ತಂತೆ. ನಾನು ಐದನೇ ಇಯತ್ತೆಯಲ್ಲಿದ್ದಾಗ ಶಾಲೆಯಿಂದ ಜೋಗಕ್ಕೆ ಟ್ರಿಪ್ ಹೋದೆವು. ಬಸ್ಸು ಗೇರುಸೊಪ್ಪೆಯಲ್ಲಿ ಚಹಾಕ್ಕೆ ನಿಂತಿತು. ಬೋರ್ಡು ಓದಿದ ಕೂಡಲೇ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಜಲಪಾತ ಹುಡುಕಿದೆ. ಹೊಳೆ ಇತ್ತು, ಗುಡ್ಡ ಇತ್ತು. ಜಲಪಾತ ಎಲ್ಲೂ ಕಾಣಲಿಲ್ಲ. ಮನೆಗೆ ಬಂದು ಅಪ್ಪನನ್ನು ಕೇಳಿದೆ. "ಜಲಪಾತ ಮೇಲೆ, ಹೆಸರು ಕೆಳಗೆ. ಆ ಹೆಸರಿನ ಊರನ್ನು ನೀನು ನೋಡಲೇ ಇಲ್ಲ" ಅಂದರು. ಒಂದು ದಿನ ಕರೆದುಕೊಂಡು ಹೋಗುತ್ತೇನೆ ಅಂದಿದ್ದರು. ಅದು ಆಗಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಯಿತು.

ಹೋದ ವರ್ಷ ಅಮ್ಮನನ್ನು ಕರೆದುಕೊಂಡು ಬಾಡಿಗೆ ಕಾರಿನಲ್ಲಿ ಹೊರಟೆ. ಗೇರುಸೊಪ್ಪೆಯ ಹಳೇ ಬಸದಿ ನೋಡಬೇಕು ಅಂತ ಮೊದಲೇ ಹೇಳಿದ್ದೆ. ಡ್ರೈವರ್ "ಅಲ್ಲಿ ಎಂಥದೂ ಇಲ್ಲ ಮೇಡಂ, ಬರೇ ಕಾಡು" ಅಂತ ಗಾಡಿ ನಿಲ್ಲಿಸದೆ ಘಟ್ಟ ಹತ್ತಿಸಿಬಿಟ್ಟರು. ನಾವು ಕಾರವಾರ ಬಿಟ್ಟದ್ದೇ ತಡವಾಗಿತ್ತು. ಜೋಗ ತಲುಪುವಾಗ ಮೂರು ಗಂಟೆ. ಪೂರ್ತಿ ಮಂಜು. ಒಂದು ತಾಸು ನಿಂತೆವು, ಸದ್ದು ಬಿಟ್ಟರೆ ಏನೂ ಇಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ.

ಈ ಸೆಪ್ಟೆಂಬರಿನಲ್ಲಿ ಮತ್ತೆ ಹೊರಡುತ್ತಿದ್ದೇವೆ. ಈ ಸಲ ತಮ್ಮನೇ ಕಾರು ಓಡಿಸುತ್ತಾನೆ. ಅಮ್ಮನಿಗೆ 68 ವರ್ಷ, ಮಂಡಿನೋವು ಇದೆ, ಮೆಟ್ಟಿಲು ಆಗುವುದಿಲ್ಲ. ಊರು, ಜಲಪಾತ ಎರಡನ್ನೂ ಒಂದೇ ದಿನ ಸಮಾಧಾನವಾಗಿ ನೋಡಲು ಆಗುತ್ತದಾ? ಯಾವುದನ್ನು ಮೊದಲು ನೋಡಬೇಕು? ಬಸದಿ ತನಕ ಅಮ್ಮ ನಡೆಯಬಹುದಾ?

ಶರಾವತಿ ದಂಡೆ, ಹೊನ್ನಾವರ

ತಂಗಿ, ನಿಮ್ಮ ಅಪ್ಪ ಹೇಳಿದ್ದು ಸರಿಯಾದ ಮಾತು. ನಮ್ಮ ಮನೆಯಲ್ಲೂ ಅಜ್ಜಂದಿರೆಲ್ಲ ಗೇರುಸೊಪ್ಪೆ ಫಾಲ್ಸ್ ಅಂತಲೇ ಹೇಳುತ್ತಿದ್ದರು.

ಆರಾಮಾಗಿ ಆಗುತ್ತದೆ. ಕಾರವಾರದಿಂದ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರ್. ಅಲ್ಲಿಂದ ಗೇರುಸೊಪ್ಪೆಗೆ 30ರ ಹತ್ತಿರ, ಗೇರುಸೊಪ್ಪೆಯಿಂದ ಜೋಗಕ್ಕೆ ಮತ್ತೊಂದು 30. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಎಂಟು ಗಂಟೆಯ ಸುಮಾರಿಗೆ ಗೇರುಸೊಪ್ಪೆಯಲ್ಲಿ ಇರುತ್ತೀರಿ. ಕವಲಕ್ಕಿ, ಉಪ್ಪೋಣಿ ದಾಟಿ ಹೋಗುವ ದಾರಿ. ಹೊಳೆ ಆಗಾಗ ಪಕ್ಕಕ್ಕೇ ಬರುತ್ತದೆ. ಅಮ್ಮನನ್ನು ಹೊಳೆಯ ಬದಿಯ ಸೀಟಿನಲ್ಲಿ ಕೂರಿಸಿ. ಹೋಗುವಾಗ ಅದು ಬಲಗಡೆ.

ಹಳೇ ಊರಿಗೆ ಈಗ ನಗರಬಸ್ತಿಕೇರಿ ಅನ್ನುತ್ತಾರೆ. ಹೆಸರಿನಲ್ಲೇ ಎಲ್ಲ ಇದೆ ನೋಡಿ. ನಗರ, ಬಸ್ತಿ, ಕೇರಿ. ಹೆದ್ದಾರಿಯಲ್ಲೇ ಹೋದರೆ ಸಿಗುವುದಿಲ್ಲ, ಹೊಳೆ ದಾಟಬೇಕು. ಮೊದಲೆಲ್ಲ ದೋಣಿಯಲ್ಲಿ ದಾಟುತ್ತಿದ್ದರು. ಗೇರುಸೊಪ್ಪೆ ಸರ್ಕಲ್ಲಿನಲ್ಲಿ "ಚತುರ್ಮುಖ ಬಸದಿ" ಅಂತ ಕೇಳಿ, ಯಾರಾದರೂ ದಾರಿ ತೋರಿಸುತ್ತಾರೆ. ಕೊನೆಗೆ ಸ್ವಲ್ಪ ಕಾಡಿನ ದಾರಿ ನಡೆಯಬೇಕು. ಅಮ್ಮ ಕೋಲು ಹಿಡಿದು ನಿಧಾನಕ್ಕೆ ನಡೆಯಲಿ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಇರುತ್ತದೆ, ರಬ್ಬರ್ ಚಪ್ಪಲಿ ಬೇಡವೇ ಬೇಡ.

ಅಡಿಕೆ ತೋಟ, ಸಿದ್ದಾಪುರ

ಹೊನ್ನಾವರದ ಅಣ್ಣ ದಾರಿ ಸರಿಯಾಗಿ ಹೇಳಿದ್ದಾರೆ. ಆದರೆ ನನ್ನ ಪ್ರಕಾರ ಮೊದಲು ಜೋಗ ನೋಡಿ. ನಮ್ಮ ಮನೆ ಮಾವಿನಗುಂಡಿ ಕಡೆ. ಮಳೆಗಾಲದಲ್ಲಿ ಜಲಪಾತ ಬೀಳುವ ಗುಂಡಿಯ ಮಂಜನ್ನು ದಿನಾ ನೋಡುವವರು ನಾವು. ಮಧ್ಯಾಹ್ನ ಎರಡರ ಮೇಲೆ ಹೋದರೆ ಹೋದ ವರ್ಷದ ಹಾಗೇ ಆಗುತ್ತದೆ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ಒಳಗೆ ಮಂಜು ಎರಡು ಮೂರು ಸಲವಾದರೂ ಸರಿಯುತ್ತದೆ. ಸರಿದಾಗ ಐದು ನಿಮಿಷ, ಹತ್ತು ನಿಮಿಷ. ಜನ ಬಂದು ಹತ್ತು ನಿಮಿಷ ನಿಂತು "ಕಾಣಲ್ಲ" ಅಂತ ಹೊರಟುಬಿಡುತ್ತಾರೆ. ಅವರ ಕಾರು ಗೇಟು ದಾಟುವುದರೊಳಗೆ ಇಲ್ಲಿ ಪೂರ್ತಿ ತೆರೆದಿರುತ್ತದೆ. ಎಷ್ಟು ಸಲ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಅಮ್ಮನಿಗೆ ಮೆಟ್ಟಿಲಿನ ಚಿಂತೆ ಬೇಡ. ಗುಂಡಿಗೆ ಇಳಿಯಲು ಸುಮಾರು 1,400 ಮೆಟ್ಟಿಲು ಇವೆ. ಮಳೆ ಜೋರಿದ್ದಾಗ ಅದನ್ನು ಹೇಗೂ ಬಂದ್ ಮಾಡುತ್ತಾರೆ. ಮೇಲಿನಿಂದಲೇ ಜಲಪಾತದ ನಾಲ್ಕೂ ಧಾರೆ ಎದುರಿಗೆ ಕಾಣುತ್ತವೆ. ಎಡದಿಂದ ರಾಜಾ, ರೋರರ್, ರಾಕೆಟ್, ರಾಣಿ.

ಹಳೆಗಲ್ಲು, ಶಿರಸಿ

ಈ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ಕಲಿಸುವವನು. ಜೋಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಗೇರುಸೊಪ್ಪೆಯಲ್ಲಿ ಇಳಿಸಿಯೇ ಮುಂದೆ ಹೋಗುತ್ತೇನೆ.

ಕಡಲತಡಿ ಅವರೇ, ಜಲಪಾತಕ್ಕೆ ಆ ಊರಿನ ಹೆಸರು ಯಾಕೆ ಬಂತು ಅನ್ನುವುದಕ್ಕೆ ಉತ್ತರ ಹೊಳೆಯಲ್ಲೇ ಇದೆ. ಹೊನ್ನಾವರದ ಅಳಿವೆಯಿಂದ ಗೇರುಸೊಪ್ಪೆ ತನಕ ಶರಾವತಿಯಲ್ಲಿ ದೋಣಿ ನಡೆಯುತ್ತಿತ್ತು. ಅಲ್ಲಿಂದ ಮೇಲೆ ಬಂಡೆ, ಘಟ್ಟ. ದೋಣಿ ಮುಗಿಯುವ ಜಾಗ, ಎತ್ತಿನ ಹೇರು ಶುರುವಾಗುವ ಜಾಗ ಅದು. ಊರು ಬೆಳೆದದ್ದೇ ಅದರಿಂದ. ಘಟ್ಟದ ಮೇಲಿನ ಕಾಳುಮೆಣಸು ಇಲ್ಲಿಗೆ ಇಳಿದು ದೋಣಿ ಹತ್ತಿ ಹೊನ್ನಾವರಕ್ಕೆ, ಅಲ್ಲಿಂದ ಹಡಗಿಗೆ. ಮುಂದೆ ಇಂಗ್ಲಿಷರ ಕಾಲದಲ್ಲಿ ಕರಾವಳಿಯಿಂದ ಜಲಪಾತ ನೋಡಲು ಹೊರಟವರೂ ಇದೇ ದಾರಿ ಹಿಡಿದರು. ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ. ಅವರ ಬರಹದಲ್ಲಿ, ನಕ್ಷೆಯಲ್ಲಿ ಅದು ಗೇರುಸೊಪ್ಪೆ ಫಾಲ್ಸ್ ಆಯಿತು.

ಊರಿನ ಹೆಸರಿನ ಬಗ್ಗೆಯೂ ಒಂದು ಮಾತು. ಗೇರು ಅಂದರೆ ಈಗ ನಾವು ಗೋಡಂಬಿ ಮರ ಅಂದುಕೊಳ್ಳುತ್ತೇವೆ. ಅದು ಪೋರ್ಚುಗೀಸರ ಜೊತೆ ಬಂದದ್ದು. ಈ ಊರು ಅದಕ್ಕಿಂತ ಹಳೆಯದು. ಹೆಸರಿನಲ್ಲಿರುವ ಗೇರು ಕಾಡುಗೇರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಆ ಕಪ್ಪು ಕಾಯಿಯ ಮರ. ಅದಕ್ಕೆ ಸಂಸ್ಕೃತದಲ್ಲಿ ಭಲ್ಲಾತಕ ಅಂತಾರೆ. ಊರಿಗೆ ಭಲ್ಲಾತಕೀಪುರ ಅನ್ನುವ ಹೆಸರೂ ಇತ್ತು. ಕ್ಷೇಮಪುರ ಅನ್ನುವುದು ಇನ್ನೊಂದು.

ಇನ್ನು ಈ ಊರನ್ನು ಆಳಿದ ಚೆನ್ನಭೈರಾದೇವಿ. ಸಾಳುವ ವಂಶದ ರಾಣಿ, ಜೈನಳು. 1552ರಿಂದ 1606ರ ತನಕ, 54 ವರ್ಷ ಆಳಿದಳು ಅಂತ ಲೆಕ್ಕ. ಪೋರ್ಚುಗೀಸರ ಜೊತೆ ಜಗಳವೂ ಆಯಿತು, ವ್ಯಾಪಾರವೂ ಆಯಿತು. ಅವರು ಆಕೆಗೆ ಇಟ್ಟ ಹೆಸರು "ರೈನಾ ದ ಪಿಮೆಂಟಾ", ಅಂದರೆ ಕಾಳುಮೆಣಸಿನ ರಾಣಿ. ಕುಮಟಾದ ಹತ್ತಿರದ ಮಿರ್ಜಾನ್ ಕೋಟೆಯ ಜೊತೆಗೂ ಆಕೆಯ ಹೆಸರೇ ಇದೆ. ಕೊನೆಗೆ ಕೆಳದಿಯ ನಾಯಕರ ಕೈಗೆ ರಾಜ್ಯ ಹೋಯಿತು. ರಾಣಿಯನ್ನು ಇಕ್ಕೇರಿಗೆ ಸೆರೆ ಒಯ್ದರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಇಲ್ಲಿಗೆ ಬಂದ. ರಾಜ್ಯ ಹೋಗಿ ಇಪ್ಪತ್ತು ವರ್ಷ ಕೂಡ ಆಗಿರಲಿಲ್ಲ. ಅಷ್ಟರಲ್ಲೇ ಅರಮನೆ ಬಿದ್ದು ಮರ ಬೆಳೆದಿತ್ತು. ಹೊಳೆಯ ದಾರಿಯ ಚೆಂದವನ್ನು ಮಾತ್ರ ಅವನು ಬಾಯ್ತುಂಬ ಹೊಗಳಿದ್ದಾನೆ.

ಒಂದು ಕಾಲಕ್ಕೆ ಅಲ್ಲಿ ಒಂದು ಲಕ್ಷ ಮನೆ, 84 ಬಸದಿ ಇದ್ದವು ಅಂತ ಜನ ಹೇಳುತ್ತಾರೆ. ಲಕ್ಷ ಅನ್ನುವುದು ಬಾಯಿಮಾತಿನ ಲೆಕ್ಕವೇ ಇರಲಿ. ಕಾಡಿನಲ್ಲಿ ನಡೆಯುವಾಗ ಕಾಲಿಗೆ ಸಿಗುವ ಅಡಿಪಾಯದ ಕಲ್ಲು, ಬಾವಿ ನೋಡಿದರೆ ಊರು ದೊಡ್ಡದೇ ಇತ್ತು ಅಂತ ಗೊತ್ತಾಗುತ್ತದೆ.

ಹಾಗಾಗಿ ನಾನು ಹೇಳುವುದು ಊರು ಮೊದಲು, ಜಲಪಾತ ಆಮೇಲೆ. ಹೊಳೆ ಹಿಡಿದು ಮೇಲೆ ಹೋಗಿ.

ಮಳೆಹಕ್ಕಿ, ಬೆಂಗಳೂರು

ನಾನು ಕುಮಟಾದವನು. ನಾಲ್ಕು ಸಲ ಜೋಗಕ್ಕೆ ಹೋಗಿದ್ದೇನೆ, ಗೇರುಸೊಪ್ಪೆಯಲ್ಲಿ ಒಮ್ಮೆಯೂ ನಿಂತಿಲ್ಲ. ಓದಿ ಬೇಜಾರಾಯಿತು. ಒಂದು ಪ್ರಶ್ನೆ. ಜೋಗದಲ್ಲಿ ನೀರು ಇದೆಯಾ ಇಲ್ಲವಾ ಅಂತ ಮೊದಲೇ ತಿಳಿಯುವುದು ಹೇಗೆ? ಒಮ್ಮೆ ಜನವರಿಯಲ್ಲಿ ಹೋಗಿ ಬರೇ ಬಂಡೆ ನೋಡಿ ಬಂದೆವು.

ಕಾರ್ಗಲ್ ಕಾಲನಿ

ಇದಕ್ಕೆ ನಾನು ಹೇಳುತ್ತೇನೆ. ಕರೆಂಟಿನ ಕೆಲಸದಲ್ಲಿ ಇದ್ದು ರಿಟೈರ್ ಆದವನು.

ಜೋಗದ ನೀರು ಎರಡು ಕಡೆಯಿಂದ ಬರುತ್ತದೆ. ಒಂದು, ಲಿಂಗನಮಕ್ಕಿ ಡ್ಯಾಮಿಗೂ ಜಲಪಾತಕ್ಕೂ ನಡುವಿನ ಗುಡ್ಡದ ಮಳೆನೀರು. ಇನ್ನೊಂದು, ಡ್ಯಾಮಿನ ಗೇಟು ತೆಗೆದಾಗ ಬಿಡುವ ನೀರು. ಡ್ಯಾಮು ಕಟ್ಟಿದ್ದು 1964ರಲ್ಲಿ, ತುಂಬಿದ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಮಳೆಗಾಲದಲ್ಲಿ ಪೇಪರಿನಲ್ಲಿ ದಿನಾ ಬರುವ ನೀರಿನ ಮಟ್ಟ ನೋಡುತ್ತಾ ಇರಿ. 1,819ಕ್ಕೆ ಹತ್ತಿರ ಬಂತು, ಮಳೆಯೂ ಜೋರಿದೆ ಅಂದರೆ ಗೇಟು ತೆಗೆಯುತ್ತಾರೆ. ಅಂಥ ದಿನ ನಾಲ್ಕು ಧಾರೆ ಬೇರೆ ಬೇರೆ ಕಾಣುವುದಿಲ್ಲ, ಬೆಟ್ಟವೇ ಕರಗಿ ಇಳಿದ ಹಾಗೆ ಕಾಣುತ್ತದೆ. ನನಗೆ ಅದಕ್ಕಿಂತ ಗೇಟು ಹಾಕಿದ ಮೇಲಿನ ದಿನಗಳೇ ಇಷ್ಟ. ಆಗ ರಾಜಾ 830 ಅಡಿ ಎಲ್ಲೂ ಬಂಡೆಗೆ ತಾಗದೆ ಇಳಿಯುವುದು ನೋಡಬಹುದು. ರಾಣಿ ಬಂಡೆಯ ಮೇಲೆ ನೊರೆನೊರೆಯಾಗಿ ಜಾರುತ್ತಾಳೆ.

ಈಗ ಗೇರುಸೊಪ್ಪೆಯ ಮಾತಿಗೆ ಬರುತ್ತೇನೆ. ಜೋಗದಲ್ಲಿ ಬೀಳದ ನೀರು ಎಲ್ಲಿ ಹೋಯಿತು ಅಂತ ಎಷ್ಟೋ ಜನ ಕೇಳುತ್ತಾರೆ. ಅದು ಲಿಂಗನಮಕ್ಕಿಯಿಂದ ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಪೈಪಿನಲ್ಲಿ ಕಣಿವೆಗೆ ಇಳಿದು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರ ತಿರುಗಿಸುತ್ತದೆ, 1,035 ಮೆಗಾವ್ಯಾಟ್. ಕೆಲಸ ಮುಗಿಸಿ ಮತ್ತೆ ಹೊಳೆ ಸೇರಿ ಗೇರುಸೊಪ್ಪೆ ಡ್ಯಾಮಿಗೆ ಬರುತ್ತದೆ. ಅಲ್ಲಿ ಇನ್ನೊಮ್ಮೆ 240 ಮೆಗಾವ್ಯಾಟಿಗೆ ದುಡಿಯುತ್ತದೆ. ಗೇರುಸೊಪ್ಪೆಯ ಸೇತುವೆಯ ಮೇಲೆ ನಿಂತು ನೋಡುವ ನೀರು ಅದೇ. ಜಲಪಾತದಲ್ಲಿ ಇಳಿಯಬೇಕಿದ್ದ ನೀರು ಪೈಪಿನಲ್ಲಿ ಇಳಿದು ಹಳೇ ಊರಿಗೆ ಬಂದಿರುತ್ತದೆ.

ಡ್ಯಾಮಿನ ಕೆಳಗೆ ಹೊಳೆಗೆ ಮಾತ್ರ ಇಳಿಯಬೇಡಿ. ಬಂಡೆ ಒಣಗಿದ ಹಾಗೆ ಕಾಣುತ್ತದೆ. ನೀರು ಬಿಟ್ಟರೆ ನೋಡುತ್ತಿದ್ದ ಹಾಗೇ ಏರುತ್ತದೆ. ಸೈರನ್ ಕೇಳಿದರೆ ಫೋಟೋ ಬಿಟ್ಟು ಮೇಲೆ ಬನ್ನಿ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಅಮ್ಮನ ತವರು ಮುಳುಗಡೆಯಾದ ಊರು. ಲಿಂಗನಮಕ್ಕಿಯ ನೀರಿನ ಅಡಿಗೆ ಊರುಗಳು ಹೋದವು, ತೋಟ ಹೋಯಿತು, ದೇವಸ್ಥಾನ ಹೋಯಿತು. ಮೊದಲು ಕಟ್ಟಿದ್ದ ಹಿರೇಭಾಸ್ಕರ ಡ್ಯಾಮೂ ಅದರೊಳಗೇ ಮುಳುಗಿದೆ. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಅದರ ಗೋಡೆ ಕಾಣುತ್ತದೆ. ಅಮ್ಮ ಪ್ರತಿ ವರ್ಷ ಕೇಳುತ್ತಿದ್ದಳು, "ನೀರು ಎಷ್ಟು ಇಳಿದಿದೆ?" ಅಂತ. ಕಾಡು ಮುಚ್ಚಿದ ಊರಿನ ಮಾತು ಬಂದಾಗ ನೀರು ಮುಚ್ಚಿದ ಊರನ್ನೂ ನೆನಪು ಮಾಡಿಕೊಳ್ಳಿ.

ಶರಾವತಿ ದಂಡೆ, ಹೊನ್ನಾವರ

ಕಾರ್ಗಲ್ಲಿನ ಅಣ್ಣಾ, ಓದಿ ಮನಸ್ಸು ಭಾರವಾಯಿತು. ನಮ್ಮ ಮನೆಯ ದೀಪ ಉರಿದದ್ದು ನಿಮ್ಮವರ ಊರು ಮುಳುಗಿ. ಈಗ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ (ಕೆಳಗಿನ ನೀರನ್ನು ಮತ್ತೆ ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ಕರೆಂಟು ಮಾಡುವುದು) ಬಂದಿದೆ. ಈ ಕಾಡು ಇನ್ನೂ ಎಷ್ಟು ಕೊಡಬೇಕು ಅಂತ ನಮ್ಮ ಕಡೆ ಜನ ಕೇಳುತ್ತಿದ್ದಾರೆ. ನಾನೂ ಅವರ ಜೊತೆಗೇ ಇದ್ದೇನೆ.

ಅಡಿಕೆ ತೋಟ, ಸಿದ್ದಾಪುರ

ನಮ್ಮ ಜಿಲ್ಲೆಯ ದಡದ ಬಗ್ಗೆಯೂ ಒಂದು ಮಾತು. ಹೊಳೆಯೇ ಗಡಿ. ಆಚೆ ಶಿವಮೊಗ್ಗ, ಈಚೆ ನಾವು. ಹಿಂದೆ ಆಚೆ ಮೈಸೂರು, ಈಚೆ ಮುಂಬಯಿ ಪ್ರಾಂತ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತ್ತಲ್ಲ. ಹಾಗಾಗಿ ಆಚೆ ಮೈಸೂರು ಬಂಗಲೆ, ಈಚೆ ಬಾಂಬೆ ಬಂಗಲೆ ಅಂತ ಇದ್ದವು. ರಾಜಾ ಬೀಳುವುದು ನಮ್ಮ ದಡಕ್ಕೆ ಅಂಟಿಕೊಂಡು. ಬಾಂಬೆ ಬಂಗಲೆ ಕಡೆಯಿಂದ ಜಲಪಾತದ ನೆತ್ತಿ ಕಾಣುತ್ತದೆ. ಅಮ್ಮನನ್ನು ಅಲ್ಲಿಗೆ ಕರೆದೊಯ್ಯುವುದಾದರೆ ಬೇಲಿಯ ಈಚೆಗೇ ನಿಲ್ಲಿ. ಮಳೆಗಾಲದಲ್ಲಿ ಆ ಬಂಡೆ ಸಾಬೂನು ಹಚ್ಚಿದ ಹಾಗೆ. ನಾನೇ ಒಮ್ಮೆ ಒಬ್ಬ ಹುಡುಗನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದಿದ್ದೇನೆ. ಸೆಲ್ಫಿಗೆ ಇನ್ನೊಂದು ಹೆಜ್ಜೆ ಹಿಂದಿಟ್ಟಿದ್ದರೆ ಹೋಗಿಬಿಡುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪೆಮಿಡಿ, ಶಿರಸಿ

ಅಕ್ಕಾ, ನನ್ನ ತವರು ಆ ಕಡೆಯೇ. ಉಂಬಳದ (ಜಿಗಣೆ) ಬಗ್ಗೆ ಯಾರೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಬಸದಿಯ ದಾರಿಯಲ್ಲಿ ಇದ್ದೇ ಇರುತ್ತವೆ. ಕಾಲಿಗೆ ಸುಣ್ಣ ಬೆರೆಸಿದ ತೆಂಗಿನೆಣ್ಣೆ ಹಚ್ಚಿ. ಒಂದು ಚಿಕ್ಕ ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಳ್ಳಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ ಗಾಯ ಚೆನ್ನಾಗಿ ತೊಳೆದು ಒರೆಸಿ.

ಊಟ ಮನೆಯಿಂದಲೇ ಒಯ್ಯಿರಿ. ಘಟ್ಟದಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಮಾತ್ರ ಏನೂ ಹಾಕಬೇಡಿ. ಅದು ಸಿಂಗಳೀಕದ ಕಾಡು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೂದಲು, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಅವು ಮರದ ಮೇಲೇ ಬದುಕುವ ಪ್ರಾಣಿ. ಬಿಸ್ಕೀಟಿನ ಆಸೆಗೆ ರಸ್ತೆಗೆ ಇಳಿಯುವುದನ್ನು ಕಲಿತರೆ ಗಾಡಿಗೆ ಸಿಕ್ಕಿ ಸಾಯುತ್ತವೆ.

ಕಡಲತಡಿ, ಕಾರವಾರ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಾರ್ಗಲ್ಲಿನವರ ಅಮ್ಮನ ಮಾತು ಕೇಳಿ ಸುಮ್ನೆ ಕೂತಳು. ಆಮೇಲೆ "ಊರು ಮೊದಲು ನೋಡುವ" ಅಂದಳು. ಐದಕ್ಕಲ್ಲ, ನಾಲ್ಕೂವರೆಗೇ ಹೊರಡುತ್ತೇವೆ. ಹತ್ತರೊಳಗೆ ಗೇರುಸೊಪ್ಪೆ ಬಿಟ್ಟರೆ ಸಿದ್ದಾಪುರದ ಅಣ್ಣ ಹೇಳಿದ ಹೊತ್ತಿಗೆ ಜೋಗದಲ್ಲಿ ಇರಬಹುದು, ಅಲ್ವಾ?

ಅಡಿಕೆ ತೋಟ, ಸಿದ್ದಾಪುರ

ಇರಬಹುದು. ಹತ್ತು ಅಂದರೆ ಹತ್ತಕ್ಕೇ ಹೊರಡಿ. ಮಲೆಮನೆ ಘಟ್ಟದಲ್ಲಿ ಮಂಜು ಇದ್ದರೆ ನಿಧಾನ, ಲೈಟು ಹಾಕಿಕೊಂಡು ಬನ್ನಿ.

ಕಡಲತಡಿ, ಕಾರವಾರ

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು. ಬಿಸಿಬಿಸಿಯಾಗಿ ಇರುವಾಗಲೇ ಬರೆಯುತ್ತಿದ್ದೇನೆ.

ಅಮ್ಮ ಮೂರು ಗಂಟೆಗೇ ಎದ್ದು ಹಲಸಿನ ಎಲೆಯ ಕೊಟ್ಟೆ ಕಡುಬು ಮಾಡಿದ್ದಳು. ಹೊನ್ನಾವರದ ಸೇತುವೆ ದಾಟದೆ ಒಳಗೆ ತಿರುಗುವಾಗ ಬೆಳಕು ಹರಿದಿತ್ತು. ಹೊಳೆ ಅಲ್ಲಿ ಸಮುದ್ರದಷ್ಟು ಅಗಲ. ಮುಂದೆ ಹೋದಂತೆ ಕಿರಿದಾಗುತ್ತಾ ಬಂತು. ಎರಡೂ ಕಡೆ ಗುಡ್ಡ ಹತ್ತಿರ ಬಂತು. ದೋಣಿ ಎಲ್ಲಿ ಮುಗಿಯುತ್ತಿತ್ತು ಅಂತ ಮೇಷ್ಟ್ರು ಹೇಳಿದ್ದು ಕಾರಿನಲ್ಲಿ ಕೂತೇ ಗೊತ್ತಾಯಿತು.

ಬಸದಿಯ ದಾರಿಯಲ್ಲಿ ಅಮ್ಮ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಮ್ಮನ ಕೈ ಹಿಡಿದು ನಡೆದಳು. ನಡುವೆ ಎರಡು ಸಲ ಕೂತಳು. ಎರಡನೇ ಸಲ ಕೂತಲ್ಲಿ ಒಂದು ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. ಯಾರೂ ನೆಟ್ಟದ್ದಲ್ಲ, ಕಾಡಿನದೇ. ಗಾಳಿಗೆ ಒಂದು ಹಸಿರು ತೆನೆ ದಾರಿಯ ಮೇಲೆ ಬಿದ್ದಿತ್ತು. ಅಮ್ಮ ಎತ್ತಿಕೊಂಡು ಒಂದು ಕಾಳು ಬಿಡಿಸಿ ಹಲ್ಲಿನಲ್ಲಿ ಕಚ್ಚಿದಳು. "ಖಾರ ಅದೆ ಮಗಾ" ಅಂದಳು. ರಾಣಿಯ ಊರು ಹಾಳಾಗಿ ನಾನೂರು ವರ್ಷ ದಾಟಿತು. ಮೆಣಸು ಇನ್ನೂ ಅಲ್ಲೇ ಬೆಳೆಯುತ್ತಿದೆ. ಆ ತೆನೆ ಈಗ ನಮ್ಮ ದೇವರ ಗೂಡಿನಲ್ಲಿ ಅಪ್ಪನ ಫೋಟೋದ ಹತ್ತಿರ ಇದೆ.

ಬಸದಿ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಶಿಲುಬೆಯ ಆಕಾರ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಹೊರಗೆ ಮಳೆ ಹನಿಯುತ್ತಿತ್ತು. ಒಳಗೆ ತಂಪು, ಬಾವಲಿಯ ವಾಸನೆ. ಕಣ್ಣು ಕತ್ತಲೆಗೆ ಹೊಂದಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎದುರಿಗೆ ಕುಳಿತ ಜಿನ ಕಂಡ. ಸುತ್ತು ಹಾಕಿ ಇನ್ನೊಂದು ಬಾಗಿಲಿಗೆ ಹೋದರೆ ಅಲ್ಲೂ ಹಾಗೇ ಕುಳಿತ ಇನ್ನೊಬ್ಬ. ನಾಲ್ವರೂ ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕು ನೋಡುತ್ತಿದ್ದಾರೆ. ಅಮ್ಮನಿಗೆ ಸುತ್ತು ಹಾಕಲು ಆಗಲಿಲ್ಲ. ಒಂದೇ ಬಾಗಿಲಿನಲ್ಲಿ ಕೂತಳು. ನಾನು ಮೂರು ಬಾಗಿಲಿಗೆ ಹೋಗಿ ಅಲ್ಲಿಂದಲೇ ಕೂಗಿ ಹೇಳಿದೆ, "ಇಲ್ಲೂ ಇದ್ದಾನೆ". ಪ್ರತಿ ಸಲ ಆ ಕಡೆಯಿಂದ "ಹೂಂ" ಅಂದಳು.

ಬೇಜಾರಿನ ಮಾತು ಅಂದರೆ ಕಂಬದ ಮೇಲೆ ಯಾರೋ ಮೊಳೆಯಿಂದ ಕೆತ್ತಿದ ಹೆಸರುಗಳು. ದಯವಿಟ್ಟು ಮಕ್ಕಳಿಗೆ ಹೇಳಿ. ಕಲ್ಲಿಗೆ ಬಿದ್ದ ಗೀರು ಮತ್ತೆ ಹೋಗುವುದಿಲ್ಲ.

ಹತ್ತಕ್ಕೆ ಸರಿಯಾಗಿ ಹೊರಟೆವು. ಅಲ್ಲಿನ ಜ್ವಾಲಾಮಾಲಿನಿ ಅಮ್ಮನವರ ಗುಡಿಗೆ ಹೊರಗಿನಿಂದಲೇ ಕೈ ಮುಗಿದೆವು. ಘಟ್ಟದಲ್ಲಿ ಸಿಂಗಳೀಕ ಸಿಗಲಿಲ್ಲ.

ಹನ್ನೊಂದು ಹತ್ತಕ್ಕೆ ಜೋಗ ತಲುಪಿದರೆ ಮತ್ತೆ ಅದೇ ಬಿಳಿ ಗೋಡೆ. ನನ್ನ ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದ ಒಂದು ಕುಟುಂಬ ಹತ್ತು ನಿಮಿಷ ನೋಡಿ ಹೊರಟೇಬಿಟ್ಟಿತು. ಸಿದ್ದಾಪುರದ ಅಣ್ಣ ಹೇಳಿದ್ದು ನೆನಪಿತ್ತು. ಹೋಗಿ ಇನ್ನೊಂದು ಸ್ವಲ್ಪ ಹೊತ್ತು ಇರಿ ಅಂತ ಅವರಿಗೆ ಹೇಳಿದೆ. ಕೇಳಲಿಲ್ಲ. ನಾವು ಕೊಡೆ ಬಿಡಿಸಿ ಕೂತೆವು. ಕಡುಬಿನ ಎಲೆ ಬಿಡಿಸಿದೆವು. ಅಮ್ಮ ಎರಡನೇ ಕಡುಬು ಕೈಗೆ ತೆಗೆದುಕೊಂಡಿದ್ದಳು. ಆಗ ಮಂಜು ಕೆಳಗಿನಿಂದ ಏರಲು ಶುರುವಾಯಿತು. ಮೊದಲು ಗುಂಡಿಯ ನೀರು ಕಂಡಿತು. ಆಮೇಲೆ ಎಡಗಡೆ ಒಂದು ಬಿಳಿ ಗೆರೆ. ಅದು ಮೇಲೆ ಮೇಲೆ ಉದ್ದವಾಗುತ್ತಾ ಹೋಯಿತು, ಮುಗಿಯಲೇ ಇಲ್ಲ. ಅದು ರಾಜಾ. ಆಮೇಲೆ ಎಲ್ಲವೂ ಒಟ್ಟಿಗೇ ತೆರೆಯಿತು.

ಅಮ್ಮ ಎದ್ದು ನಿಂತಳು. ಮಂಡಿ ಹಿಡಿದುಕೊಳ್ಳದೆ, ಯಾರ ಕೈಯನ್ನೂ ಕೇಳದೆ. ಕಡುಬು ಕೈಯಲ್ಲೇ ಇತ್ತು. "ಗೇರುಸೊಪ್ಪೆ ಫಾಲ್ಸ್" ಅಂದಳು, ಅಪ್ಪ ಹೇಳುತ್ತಿದ್ದ ಹಾಗೇ. ಎಂಟೋ ಒಂಬತ್ತೋ ನಿಮಿಷ. ಮತ್ತೆ ಮುಚ್ಚಿತು. ಒಂದು ಗಂಟೆಯೊಳಗೆ ಇನ್ನೆರಡು ಸಲ ತೆರೆಯಿತು. ಈ ಸಲ ವಾಪಸ್ ಬರುವಾಗ ಅಮ್ಮ ಹೊನ್ನಾವರದ ತನಕ ಮಾತಾಡುತ್ತಲೇ ಇದ್ದಳು. ಅಪ್ಪ ಮದುವೆಯಾದ ಹೊಸದರಲ್ಲಿ ಹೇಳಿದ ಎಷ್ಟೋ ವಿಷಯ ನನಗೆ ಮೊದಲ ಸಲ ಗೊತ್ತಾಯಿತು.

ಕಾರ್ಗಲ್ ಕಾಲನಿ

ಕಣ್ಣಲ್ಲಿ ನೀರು ಬಂತು ತಾಯಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಹಳೆಗಲ್ಲು, ಶಿರಸಿ

ನೀವು ಬರೆದದ್ದನ್ನು ನಾಳೆ ಒಂಬತ್ತನೇ ಕ್ಲಾಸಿನಲ್ಲಿ ಓದಿ ಹೇಳುತ್ತೇನೆ, ಅಡ್ಡಿ ಇಲ್ಲ ತಾನೆ? ಕಂಬದ ಮೇಲಿನ ಗೀರಿನ ಮಾತನ್ನು ಮುಖ್ಯವಾಗಿ. ಕಾರ್ಕಳದ ಚತುರ್ಮುಖ ಬಸದಿ 1586ರದ್ದು, ಅದನ್ನೂ ಒಮ್ಮೆ ನೋಡಿ. ಅಲ್ಲಿ ಜಿನರು ನಿಂತಿದ್ದಾರೆ, ಗೇರುಸೊಪ್ಪೆಯಲ್ಲಿ ಕುಳಿತಿದ್ದಾರೆ.

ಮಳೆಹಕ್ಕಿ, ಬೆಂಗಳೂರು

ಅಕ್ಕಾ, ದೀಪಾವಳಿಗೆ ಊರಿಗೆ ಬರುತ್ತಿದ್ದೇನೆ. ಅಜ್ಜಿಯನ್ನು ಕರೆದುಕೊಂಡು ಗೇರುಸೊಪ್ಪೆಗೆ ಹೋಗುವುದು ಖಚಿತ. ಆಗ ಜೋಗದಲ್ಲಿ ನೀರು ಇರುತ್ತದಾ?

ಅಡಿಕೆ ತೋಟ, ಸಿದ್ದಾಪುರ

ಹಿಂಗಾರು ಬಂದರೆ ಸಾಧಾರಣ ಇರುತ್ತದೆ ಅಪ್ಪಿ. ಹೊರಡುವ ಎರಡು ದಿನ ಮೊದಲು ಇಲ್ಲಿ ಕೇಳು. ನಾನು ಹೋಗಿ ನೋಡಿ ಬಂದು ಬರೆಯುತ್ತೇನೆ.

ಕಡಲತಡಿ, ಕಾರವಾರ

ಮೇಷ್ಟ್ರೇ, ಖಂಡಿತ ಓದಿ. ಅಮ್ಮ ಈಗ ಇನ್ನೊಂದು ಶುರು ಮಾಡಿದ್ದಾಳೆ. ಹೊನ್ನಾವರದಿಂದ ಮೇಲಕ್ಕೆ ದೋಣಿಯಲ್ಲಿ ಸ್ವಲ್ಪ ದೂರವಾದರೂ ಹೋಗಬೇಕಂತೆ. ಮೊದಲಿನವರು ಹೋದ ಹಾಗೆ.

ಶರಾವತಿ ದಂಡೆ, ಹೊನ್ನಾವರ

ಮಳೆ ಬಿಡಲಿ ತಂಗಿ. ನವೆಂಬರಿನಲ್ಲಿ ಹೊಳೆ ತಿಳಿಯಾಗುತ್ತದೆ, ಗಾಳಿಯೂ ಕಡಿಮೆ. ಸಮುದ್ರದ ಭರತ ಏರುವ ಹೊತ್ತಿಗೆ ಹೊರಟರೆ ದೋಣಿ ಹಗುರ ಸಾಗುತ್ತದೆ. ದಿನ ಗೊತ್ತು ಮಾಡಿ ಹೇಳಿ, ಭರತದ ಹೊತ್ತು ನೋಡಿ ತಿಳಿಸುತ್ತೇನೆ. ಅಮ್ಮನಿಗೆ ಕೂರಲು ಕುರ್ಚಿ ನಮ್ಮ ಮನೆಯಿಂದ ತರುತ್ತೇನೆ.